ಬಾರಕೂರಿನ ಕತೆ, ಕಾನೂನು ಮತ್ತು ಬಳಿ

ಸಮಾಜವೊಂದು ತನ್ನ ಕಟ್ಟಳೆಗಳನ್ನು ಏಕೆ ಪಾಲಿಸುತ್ತದೆ? ದಂಡದ ಭಯವೊಂದೇ ಸಾಲದೆಂಬುದನ್ನು ಮೀಮಾಂಸಕರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ‘ಇದನ್ನು ಮಾಡು’ ಎನ್ನುವ ವೇದವಾಕ್ಯ ವಿಧಿ. ಆ ಕೆಲಸವನ್ನು ಹೊಗಳಿ ಕೇಳುವವರ ಮನಸ್ಸನ್ನು ಒಲಿಸುವ ಮಾತು ಅರ್ಥವಾದ. ಅರ್ಥವಾದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ, ವಿಧಿಯೊಡನೆ ಒಂದೇ ವಾಕ್ಯವಾಗಿ ಕೂಡಿದಾಗಲೇ ಅದಕ್ಕೆ ಬೆಲೆ ಎಂಬುದು ಜೈಮಿನಿಯ ಮತ. ಇವೆರಡಕ್ಕೆ ತಲೆಮಾರುಗಳ ಆಚಾರವೂ ಸೇರಿದಾಗ ಸಮಾಜಕ್ಕೊಂದು ವ್ಯವಸ್ಥೆ, ಮನುಷ್ಯನಿಗೊಂದು ಗುರುತು ಹುಟ್ಟುತ್ತದೆ.

ಬ್ರಹ್ಮಾವರ ತಾಲ್ಲೂಕಿನ ಬಾರಕೂರಿನ ಐತಿಹ್ಯ ಇದಕ್ಕೆ ನಿದರ್ಶನ. ದೇವಪಾಂಡ್ಯನೆಂಬವನ ಹಡಗು ನೀರಿಗಿಳಿಯಬೇಕಾದರೆ ನರಬಲಿ ಬೇಕೆಂದು ಕುಂಡೋದರ ಭೂತ ಕೇಳಿತಂತೆ. ದೇವಪಾಂಡ್ಯನ ಹೆಂಡತಿ ಮಕ್ಕಳನ್ನು ಕೊಡಲೊಪ್ಪಲಿಲ್ಲ, ತಂಗಿ ಸತ್ಯವತಿ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಅವನನ್ನು ಉಳಿಸಿತು. ಅವನೇ ಭೂತಾಳಪಾಂಡ್ಯನಾಗಿ ಅಳಿಯಸಂತಾನದ ಕಟ್ಟು ಹಾಕಿದ. ಬಂಟರು, ಬಿಲ್ಲವರು, ಮೊಗವೀರರಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬಂದುದಕ್ಕೆ ಜನ ಹೇಳುವ ಕಾರಣ ಇದು. ಇದು ಇತಿಹಾಸವಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೇರಳದ ನಾಯರರಲ್ಲಿ ಈ ಕತೆಯ ಹಂಗಿಲ್ಲದೆಯೇ ಇಂಥದೇ ಪದ್ಧತಿ ಬೆಳೆದಿತ್ತು. ಆದ್ದರಿಂದ ಪದ್ಧತಿಯನ್ನು ಹುಟ್ಟಿಸಿದ್ದು ಕತೆಯಲ್ಲ. ಅಪ್ಪನ ಆಸ್ತಿ ತನಗೇಕಿಲ್ಲ ಎಂದು ಕೇಳುವ ಮಗನಿಗೆ, ಕೊಟ್ಟವಳ ಮಗನಿಗೇ ಹಕ್ಕು ಎಂದು ಉತ್ತರಿಸಿ, ರೂಢಿಯನ್ನು ನ್ಯಾಯವಾಗಿ ಕಾಣಿಸುವುದು ಅದರ ಕೆಲಸ. ಅರ್ಥವಾದದ ಶಕ್ತಿ ಇಲ್ಲಿದೆ.

ಹಾಗಾದರೆ ಕಾನೂನಿನ ಪಾಲೇನು? ಅಳಿಯಸಂತಾನ ಕುಟುಂಬದ ಸದಸ್ಯನೊಬ್ಬ ಬಲವಂತವಾಗಿ ಪಾಲು ಕೇಳುವಂತಿಲ್ಲವೆಂದು ಮದರಾಸು ಹೈಕೋರ್ಟು 1863ರಲ್ಲಿ ತೀರ್ಮಾನಿಸಿತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬದ ತಾಯಿಕವಲುಗಳಾದ ಕವರುಗಳಿಗೆ ಪಾಲಿನ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಗಂಡಸಿನ ಪಾಲನ್ನು ಅವನ ಹೆಂಡತಿ ಮಕ್ಕಳಿಗೂ ತಲುಪಿಸಿತು. ಕಾನೂನೇ ಸರ್ವಸ್ವವಾಗಿದ್ದರೆ ಅಳಿಯಕಟ್ಟು ಅಂದೇ ಅಳಿಯಬೇಕಿತ್ತು. ಆಸ್ತಿ ಕಾನೂನಿಗೆ ಮಣಿಯಿತು, ನಿಜ. ಆದರೆ ಕುಲದ ಗುರುತಾದ ಬಳಿ ಇಂದಿಗೂ ತಾಯಿಯಿಂದಲೇ ಬರುತ್ತದೆ, ಒಂದೇ ಬಳಿಯವರು ಮದುವೆಯಾಗಬಾರದೆಂಬ ನಿಯಮವನ್ನು ಯಾವ ಕೋರ್ಟೂ ಹೇಳದಿದ್ದರೂ ಕುಟುಂಬಗಳು ಪಾಲಿಸುತ್ತವೆ.

ಇಂಥ ಕತೆಗಳು ಅನ್ಯಾಯವನ್ನೂ ಮುಚ್ಚಬಲ್ಲವು ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಮಗುವನ್ನು ಉಳಿಸಿಕೊಂಡ ತಾಯಿಯನ್ನು ಈ ಐತಿಹ್ಯ ಸ್ವಾರ್ಥಿಯೆಂದು ಬಗೆಯುತ್ತದೆ. ಸಂತಾನ ಹೆಣ್ಣಿನದಾದರೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು. ಹಾಗೆಂದು ಕತೆಗಳನ್ನೇ ಬಿಸಾಡಿದರೆ ಕಾನೂನು ಮನಸ್ಸನ್ನು ಮುಟ್ಟದೆ ಕಾಗದದಲ್ಲೇ ಉಳಿದೀತು. ನಮ್ಮನ್ನು ಒಲಿಸಲು ಬರುವ ಪ್ರತಿಯೊಂದು ಕತೆಯನ್ನೂ, ಅದು ಹಳೆಯದಿರಲಿ ಹೊಸದಿರಲಿ, ಯಾವ ವಿಧಿಗಾಗಿ ಬಂದೆ, ಯಾರ ಹಕ್ಕನ್ನು ಕಾಯುತ್ತೀ, ಯಾರ ಹೊರೆಯನ್ನು ಮರೆಸುತ್ತೀ ಎಂದು ಕೇಳುವುದು ವಿವೇಕಿಗಳ ಕರ್ತವ್ಯ.