ಠಾಣ್ಯದ ಮುಂದೆ ಮೌನ

ಶೈಶವದಲ್ಲಿ ತಂದೆತಾಯಿಗಳ ಕೈ ಹಿಡಿದು ಪರವಾನಗಿಯಿಲ್ಲದೆ ಅಮೇರಿಕಾ ದೇಶಕ್ಕೆ ಬಂದ ಮಕ್ಕಳನ್ನು ಪಾಠಶಾಲೆಯಿಂದ ಹೊರಗಿಡಕೂಡದೆಂದು ಅಲ್ಲಿಯ ಪರಮೋಚ್ಚ ನ್ಯಾಯಸ್ಥಾನವು 1982ರಲ್ಲಿ ತೀರ್ಪು ಕೊಟ್ಟಿತು. ಆದರೆ ಅವರು ಬೆಳೆದು ವೈದ್ಯವಿದ್ಯೆಯನ್ನೋ ನ್ಯಾಯಶಾಸ್ತ್ರವನ್ನೋ ಕಲಿಯಬಯಸಿದರೆ ಕೇಂದ್ರ ಸರಕಾರದ ವಿದ್ಯಾಸಾಲವು ದೊರೆಯುವದಿಲ್ಲ. ಟೆಕ್ಸಾಸ್ ಸಂಸ್ಥಾನವು 2001ರಿಂದ ಇಂಥವರಿಗೆ ತೋರಿಸಿದ ಶುಲ್ಕದ ರಿಯಾಯಿತಿಯು 2025ರ ಜೂನಿನಲ್ಲಿ ನ್ಯಾಯಾಲಯದ ಆಜ್ಞೆಯಿಂದ ನಿಂತಿತು.

ಹಣಕ್ಕಿಂತಲೂ ಕಠಿಣವಾದದ್ದು ದಾರಿ. ರಿಯೋ ಗ್ರಾಂಡೆ ನದಿಯ ಬಯಲಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ, ಗಡಿಯಿಂದ ಸುಮಾರು 70 ಮೈಲು ಒಳಗೆ, ಫಾಲ್‌ಫರಿಯಸ್ ಎಂಬ ಊರಿನ ಬಳಿ ತನಿಖೆಯ ಠಾಣ್ಯವಿದೆ. ಮನೆಯವರು ಕೂಲಿಯಿಂದ ಕೂಡಿಸಿದ ಶುಲ್ಕವನ್ನು ಹಿಡಿದು ದೂರದ ವಿದ್ಯಾಲಯಕ್ಕೆ ಹೊರಟವನನ್ನು ಅಲ್ಲಿ ತಡೆದು, ನೀನು ಈ ದೇಶದ ಪ್ರಜೆಯೋ ಎಂದು ಕೇಳುವರು.

ಹೌದೆಂದರೆ ಯಾರಿಗೇನು ಹಾನಿ ಎಂದು ಕೆಲವರು ಹೇಳಾರು. ನಾವು ಹಾಗೆಣಿಸುವದಿಲ್ಲ. 1996ರ ಕಾನೂನಿನ ಪ್ರಕಾರ ಆ ಒಂದು ಸುಳ್ಳು, ನ್ಯಾಯವಾಗಿ ನೆಲೆಸುವ ಬಾಗಲನ್ನು ಪ್ರಾಯಶಃ ಸದಾಕಾಲಕ್ಕೂ ಮುಚ್ಚುವದು. ಅದಕ್ಕಿಂತ ಮಿಗಿಲಾಗಿ, ನಾಳೆ ರೋಗಿಯು ನಂಬಬೇಕಾದ ನಾಲಿಗೆಯೇ ಕೆಡುವದು. ಮೌನವಾದರೋ ಸುಳ್ಳಲ್ಲ, ಆದರೂ ಅದಕ್ಕೆ ಸೆರೆಯೂ ಗಡೀಪಾರೂ ಬೆಲೆಯಾದೀತು. ಆಗ ಶುಲ್ಕವೂ ಹೋಯಿತು, ಮಗನೂ ಹೋದನು.

ಹಾಗಾದರೆ ಮನೆಯಲ್ಲಿಯೇ ಉಳಿದವನು ಹೇಡಿಯೋ? ಆ ದಾರಿಯಲ್ಲಿ ನಡೆಯಬೇಕಿಲ್ಲದ ನಮಗೆ ಹಾಗೆನ್ನುವದು ಬಹು ಸುಲಭ. ಹೋದವನನ್ನು ದುಡುಕಿನವನೆಂದು ಜರೆಯುವದೂ ಅಷ್ಟೇ ಸುಲಭ. ನಾವು ಆ ಯೌವನಸ್ಥನ ಸ್ಥಳದಲ್ಲಿದ್ದರೆ ಏನು ಮಾಡುತ್ತಿದ್ದೆವೋ ಹೇಳಲಾರೆವು. ತಾಯಿಯನ್ನಂತೂ ಮೊದಲು ಕೇಳುತ್ತಿದ್ದೆವು. ಕೂಡಿಸಿದ ಹಣದಲ್ಲಿ ಅವಳ ಬೆವರೂ ಇದೆಯಲ್ಲವೇ?