ಆ ಒಂದು ಅಂಕ ಯಾರದು?

ಮಂಜುಗಡ್ಡೆಯ ಮೇಲೆ ಜೋಡಿಯಾಗಿ ಸ್ಕೇಟಿಂಗ್ ಮಾಡುವವರಲ್ಲಿ ಒಬ್ಬರು ಜಾರಿ ಬಿದ್ದರೆ ಇಬ್ಬರಿಗೂ ಅಂಕ ಕಡಿತ. ನಮ್ಮೂರಲ್ಲಿ ಮಂಜುಗಡ್ಡೆಯ ಅಂಗಳವಿರಲಿ, ಬಿಡಲಿ. ಜೋಡಿಯಾಟದ ಕಷ್ಟ ಬಲ್ಲವರಿದ್ದಾರೆ. ಬೆಂಗಳೂರು ದಂಡುಪ್ರದೇಶದ ಸಂತ ಫ್ರಾನ್ಸಿಸ್ ಝೇವಿಯರ್ ಬಾಲಕಿಯರ ಶಾಲೆಯಲ್ಲಿ ಓದಿದ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆಗೂಡಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬ್ಯಾಡ್ಮಿಂಟನ್ ಚಿನ್ನ ಗೆದ್ದರು. 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೂರರಲ್ಲಿ ಎರಡು ಪಂದ್ಯ ಗೆದ್ದರೂ ಒಂದೇ ಅಂಕದ ಅಂತರದಲ್ಲಿ ಕ್ವಾರ್ಟರ್ ಫೈನಲ್ ಕೈತಪ್ಪಿತು.

ಆ ಒಂದು ಅಂಕ ಕಳೆದವರು ಯಾರು? ಹುಡುಕಹೊರಟರೆ, ಮೂರು ಪಂದ್ಯಗಳಲ್ಲಿ ಇಬ್ಬರೂ ಕಳೆದುಕೊಂಡ ಪ್ರತಿ ಅಂಕವೂ ಅದೇ! 2014ರಲ್ಲಿ ಗ್ಲಾಸ್ಗೊದಲ್ಲಿ ಇದೇ ಜೋಡಿ ಬೆಳ್ಳಿ ಗೆದ್ದಿತು.

ಮನೆಯಲ್ಲಿ ಮಾತ್ರ ನಾವು ಲೆಕ್ಕ ಬಿಡುವುದಿಲ್ಲ. ಸಾಲವಾದರೆ "ನಿಮ್ಮಿಂದ", ಮಗ ಫೇಲಾದರೆ "ನಿನ್ನಿಂದ". ಹಾಗಾದರೆ ತಪ್ಪನ್ನು ಕೇಳಲೇಬಾರದೆ? ಕೇಳಬೇಕು. ಕುಡಿದು ಬಂದು ಹೊಡೆಯುವವನ ತಪ್ಪು ಅವನದೇ. ಹೆಂಡತಿ ಅದರಲ್ಲಿ ಪಾಲು ಹೊರಬೇಕಿಲ್ಲ. ಆದರೆ ಇಬ್ಬರೂ ಪ್ರಾಮಾಣಿಕವಾಗಿ ದುಡಿದು ಸೋತ ದಿನ, "ಯಾರಿಂದ?" ಎಂಬ ಪ್ರಶ್ನೆಗೆ ಉತ್ತರ ಸಿಗದು, ಜಗಳ ಸಿಗುತ್ತದೆ. "ನಾಳೆ ಹೇಗೆ?" ಎಂದು ಕೇಳಿದರೆ ಇಬ್ಬರೂ ಒಂದೇ ಕಡೆ ನಿಲ್ಲುತ್ತಾರೆ. ಬಲಿಪೀಠದ ಮುಂದೆ ಸುಖದುಃಖಗಳಲ್ಲಿ ಜೊತೆಗಿರುವೆನೆಂದು ಮಾತು ಕೊಟ್ಟದ್ದು ಇಂಥ ದಿನಕ್ಕಾಗಿಯೇ ಅಲ್ಲವೇ?