ಗಂಧವಿಲ್ಲದ ಪೃಥಿವಿ

ಇಂದ್ರಿಯಗಳು ತಮ್ಮಲ್ಲಿ ಯಾರು ಶ್ರೇಷ್ಠರೆಂದು ಕಲಹಮಾಡಿಕೊಂಡು ಪ್ರಜಾಪತಿಯ ಬಳಿಗೆ ಹೋದ ಛಾಂದೋಗ್ಯದ ಕಥೆ ಬಹುಮಂದಿಗೆ ತಿಳಿದದ್ದೇ. ಯಾವುದು ಹೊರಟುಹೋದರೆ ಶರೀರವು ಅತ್ಯಂತ ಹೀನವಾಗಿ ಕಾಣುವುದೋ ಅದೇ ಶ್ರೇಷ್ಠವೆಂದು ಆತನು ತೀರ್ಪುಕೊಡಲು, ವಾಕ್ಕು ಒಂದು ವರ್ಷ ಹೊರಗಿದ್ದು ಬಂದಿತು. ಕಣ್ಣು, ಕಿವಿ, ಮನಸ್ಸುಗಳೂ ಹಾಗೆಯೇ ಹೋಗಿಬಂದುವು. ಕೊನೆಗೆ ಪ್ರಾಣವು ಹೊರಡಲನುವಾದಾಗ ಮಿಕ್ಕವೆಲ್ಲವೂ ಅದಕ್ಕೆ ತಲೆಬಾಗಿದುವು. ಈ ಪರೀಕ್ಷೆಯಲ್ಲಿ ಮೂಗಿನ ಸರದಿ ಮಾತ್ರ ಬರಲೇ ಇಲ್ಲ. ಘ್ರಾಣವು ಪ್ರಾಣದಲ್ಲಿಯೇ ಅಡಗಿತೆಂದು ಸಮಾಧಾನ ಹೇಳುವವರುಂಟು. ಆದರೆ ಉಸಿರು ಬೇರೆ, ವಾಸನೆಯ ಅರಿವು ಬೇರೆ ಎಂಬುದನ್ನು ಇಂದಿನ ಶಸ್ತ್ರವೈದ್ಯವು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟಿದೆ. ಉಸಿರು ಸರಾಗವಾಗಿ ಆಡುತ್ತಿರುವಾಗಲೂ ಮಲ್ಲಿಗೆಯು ಬರಿಯ ಬಿಳಿಯ ಹೂವಾಗಿಬಿಡುವುದುಂಟು.

ಮಿದುಳಿನ ತಳದಲ್ಲಿ ಬಟಾಣಿಯಷ್ಟು ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಅದರ ಮೇಲುಗಡೆಯಲ್ಲಿಯೇ ಎರಡು ಕಣ್ಣುಗಳ ನರಗಳೂ ಒಂದನ್ನೊಂದು ಹಾದುಹೋಗುವುವು. ಗ್ರಂಥಿಯಲ್ಲಿ ಗಡ್ಡೆ ಬೆಳೆದು ಆ ನರಗಳನ್ನು ಒತ್ತಿದರೆ ಪಕ್ಕದ ನೋಟ ಮೊದಲು ಮಸುಕಾಗುತ್ತದೆ. ತಲೆಬುರುಡೆಯನ್ನು ತೆರೆಯದೆ ಮೂಗಿನ ಮಾರ್ಗವಾಗಿಯೇ ಈ ಗಡ್ಡೆಯನ್ನು ತೆಗೆಯುವ ಕ್ರಮವನ್ನು ೧೯೦೭ರಲ್ಲಿ ಇನ್ಸ್‌ಬ್ರುಕ್ ಪಟ್ಟಣದ ಹರ್ಮನ್ ಷ್ಲೋಫರನು ಮೊದಲು ನಡೆಸಿದನು. ಬಳಿಕ ವಿಯೆನ್ನಾದ ಹಿರ್ಷ್, ಅಮೆರಿಕದ ಕುಷಿಂಗ್ ಮೊದಲಾದವರು ಅದನ್ನು ತಿದ್ದಿದರು. ೧೯೯೦ರ ದಶಕದಿಂದ ದುರ್ಬೀನಿನಂಥ ಎಂಡೋಸ್ಕೋಪಿನ ಸಹಾಯದಿಂದ ಅದು ಇನ್ನೂ ಸೂಕ್ಷ್ಮವಾಯಿತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಇದು ನಡೆಯುತ್ತದೆ. ಮುಖದ ಮೇಲೆ ಒಂದು ಗೆರೆಯಷ್ಟೂ ಗಾಯದ ಗುರುತು ಉಳಿಯದು.

ಗುರುತು ಉಳಿಯುವುದು ಒಳಗೆ. ವಾಸನೆಯನ್ನು ಗ್ರಹಿಸುವ ಪೊರೆಯು ಮೂಗಿನ ಗೂಡಿನ ಮೇಲ್ಛಾವಣಿಯಲ್ಲಿ ಕೆಲವೇ ಚದರ ಸೆಂಟಿಮೀಟರಿನಷ್ಟಿದೆ. ಶಸ್ತ್ರದ ದಾರಿ ಅದರ ಕೆಳಗಿನದಾದರೂ ಬಾವು, ಹೆಪ್ಪುಗಟ್ಟಿದ ರಕ್ತ, ಒಣಗಿದ ಸಿಂಬಳದ ಹೆಕ್ಕಳೆ ಇವುಗಳಿಂದ ಮೊದಲ ಕೆಲವು ವಾರಗಳು ಬಹುಮಂದಿಗೆ ವಾಸನೆಯೇ ತಿಳಿಯದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಅದು ಮರಳುತ್ತದೆ. ಮಿದುಳಿನ ದ್ರವ ಸೋರದಂತೆ ಮೂಗಿನ ನಡುಗೋಡೆಯ ಪೊರೆಯನ್ನೇ ಬಿಡಿಸಿ ಮುಚ್ಚಳವಾಗಿ ಹೊದಿಸಬೇಕಾದಾಗ ಅಪಾಯ ಸ್ವಲ್ಪ ಹೆಚ್ಚು. ಅದಕ್ಕಾಗಿಯೇ ನಿಪುಣರು ಗೋಡೆಯ ಮೇಲಂಚನ್ನು ಮುಟ್ಟದೆ ಉಳಿಸಲೆತ್ನಿಸುವರು. ಆದರೂ ಕೆಲವರಿಗೆ ಅದು ಕುಂದಿಯೇ ಉಳಿಯುವುದು. ಮತ್ತೆ ಕೆಲವರಿಗೆ ಸುಗಂಧವು ದುರ್ಗಂಧವಾಗಿ ತಿರುಗುಮುರುಗಾಗಿ ತೋರುವುದು.

ಇಂಥವನೊಬ್ಬನು ಪಿರಿಯಾಪಟ್ಟಣದ ಸೀಮೆಯ ರಾವಂದೂರಿಗೆ ಗುಣಮುಖನಾಗಿ ಹಿಂದಿರುಗಿದನೆಂದು ಭಾವಿಸಬಹುದು. ಅವನ ಕಣ್ಣು ನಿಚ್ಚಳವಾಗಿದೆ. ನೋಡಬಂದ ಹಿರಿಯರು, “ಕಣ್ಣು ಉಳಿಯಿತಲ್ಲಪ್ಪ, ಮೂಗಿನ ವಾಸನೆ ಹೋದರೆ ಹೋಗಲಿ” ಎನ್ನುವರು. ಮಾತು ಪ್ರೀತಿಯದೇ. ಆದರೆ ಆ ಸೀಮೆಯಲ್ಲಿ ಕಾಲವು ಮೂಗಿನಿಂದಲೇ ತಿಳಿಯುವಂಥದು. ಮುಂಗಾರಿನ ಮೊದಲ ಹನಿಗೆ ಕೆಂಪುನೆಲ ಬಿಡುವ ಕಂಪು ಒಂದು. ಆಮೇಲೆ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಹಸುರೆಲೆ ಬೆಂದು ಹಳದಿಗೆ ತಿರುಗುವಾಗಿನ ಆ ಸಿಹಿಕಾರದ ಘಾಟು ಇನ್ನೊಂದು. ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದರೆ ಬೆಂಕಿ ಹತ್ತುವ ಭಯವುಂಟು. ರಾತ್ರಿ ಉರಿ ನೋಡಿಕೊಳ್ಳುವವನಿಗೆ ಕಮಟು ವಾಸನೆಯೇ ಎಚ್ಚರಿಕೆ. ಮನೆಯೊಳಗೆ ಒಗ್ಗರಣೆಯ ಇಂಗು, ಮಗುವಿನ ನೆತ್ತಿಯ ಎಣ್ಣೆ. ನಾಲಗೆಗೆ ಹುಳಿ ಉಪ್ಪು ಕಾರಗಳು ತಿಳಿದರೂ ಸಾರು ಯಾವುದೆಂದು ತಿಳಿಯದು.

ಜರ್ಮನಿಯ ಕಾಂಟನು ೧೭೯೮ರ ತನ್ನ ಮಾನವಶಾಸ್ತ್ರದ ಗ್ರಂಥದಲ್ಲಿ ಇಂದ್ರಿಯಗಳಲ್ಲೆಲ್ಲ ಘ್ರಾಣವೇ ಬಿಟ್ಟರೂ ನಡೆಯುವಂಥದೆಂದು ಬರೆದನು. ಅಷ್ಟು ದೊಡ್ಡ ತಾರ್ಕಿಕನು ಇಲ್ಲಿ ಆತುರಪಟ್ಟಂತೆ ಕಾಣುತ್ತದೆ. ನಮ್ಮ ವೈಶೇಷಿಕರು ಗಂಧವನ್ನು ಪೃಥಿವಿಯ ಲಕ್ಷಣವನ್ನಾಗಿ ಮಾಡಿದರು, ಘ್ರಾಣವೂ ಪಾರ್ಥಿವವೆಂದರು. ರೂಪವು ನೀರಿನಲ್ಲಿಯೂ ತೇಜಸ್ಸಿನಲ್ಲಿಯೂ ಉಂಟು, ಗಂಧವು ಮಣ್ಣಿಗೆ ಮಾತ್ರ. ಇಂದಿನ ವಿಜ್ಞಾನವು ಈ ವಿಭಾಗವನ್ನು ಒಪ್ಪದಿರಬಹುದು. ಆದರೆ ಗಂಧ ಹೋದವನಿಗೆ ತನ್ನ ನೆಲವೇ ಒಂದು ಗಾಜಿನಾಚೆಗೆ ಸರಿದಂತಾಗುವ ಅನುಭವಕ್ಕೆ ಅದಕ್ಕಿಂತ ಸರಿಯಾದ ಮಾತು ಸಿಕ್ಕುವುದು ಕಷ್ಟ. ಚರಕನಂತೂ ವಾಸನೆ ವಿಪರೀತವಾಗಿ ತೋರುವುದನ್ನೂ ಪೂರ್ತಿ ತೋರದಿರುವುದನ್ನೂ ಆಯುಸ್ಸು ತೀರಿದವನ ಚಿಹ್ನೆಗಳಲ್ಲಿ ಎಣಿಸಿದನು. ಅಂದು ಸಾವಿನ ಗುರುತಾದದ್ದೇ ಇಂದು ಉಳಿದ ಬದುಕಿಗೆ ತೆತ್ತ ಬೆಲೆಯಾಗಿದೆ.

ಹಾಗಾದರೆ ಅವನು ದುಃಖಿಸುವುದು ಕೃತಘ್ನತೆಯೇ? ಕೃತಘ್ನನೆಂದರೆ ಪಡೆದ ಉಪಕಾರವನ್ನು ಇಲ್ಲವೆನ್ನುವವನು. ಕಳೆದದ್ದನ್ನು ಕಳೆಯಿತೆನ್ನುವವನು ಪಡೆದದ್ದನ್ನು ಇಲ್ಲವೆಂದಂತಾಗಲಿಲ್ಲ. ಲಾಭನಷ್ಟಗಳನ್ನು ಒಂದೇ ಲೆಕ್ಕದಲ್ಲಿ ಕೂಡಿ ಕಳೆದು, ಉಳಿಕೆ ಲಾಭವೇ ಆದ್ದರಿಂದ ಅಳಬಾರದೆಂಬುದು ಅಂಗಡಿಯ ನ್ಯಾಯ. ಕಣ್ಣಿನಿಂದ ಮೂಗಿನ ಸಾಲ ತೀರದು. ಶಸ್ತ್ರಕ್ಕೆ ಮುನ್ನವೇ ಈ ಸಂಭವವನ್ನು ರೋಗಿಗೆ ತಿಳಿಸುವುದು ವೈದ್ಯನ ಧರ್ಮವೆನ್ನುವುದೂ ಇದರಿಂದಲೇ. ತಿಳಿದು ಕೊಟ್ಟದ್ದು ತ್ಯಾಗವಾಗಬಹುದು. ತಿಳಿಯದೆ ಹೋದದ್ದು ಕಳವಿನಂತೆ ಕಾಣುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದದ್ದೊಂದುಂಟು. ಪ್ರತ್ಯಕ್ಷದಿಂದ ತಾನೇ ಅರಿಯುತ್ತಿದ್ದುದನ್ನು ಈಗ ಅವನು ಶಬ್ದಪ್ರಮಾಣದಿಂದ, ಎಂದರೆ ಇತರರ ಬಾಯಿಂದ, ಅರಿಯಬೇಕಾಗಿದೆ. ಹಾಲು ಕೆಟ್ಟಿದೆಯೇ, ಅಡುಗೆಯ ಗ್ಯಾಸು ಸೋರುತ್ತಿದೆಯೇ, ತನ್ನ ಮೈಯೇ ನಾರುತ್ತಿದೆಯೇ ಎಂದು ಅವನು ಕೇಳಿ ತಿಳಿಯಬೇಕು. ಆ ಅನಿಲಕ್ಕೆ ಸ್ವಂತ ವಾಸನೆಯಿಲ್ಲವೆಂದು ನಾರುವ ದ್ರವ್ಯವೊಂದನ್ನು ಬೇಕೆಂದೇ ಬೆರೆಸುವರು. ಅದೂ ಅವನ ಪಾಲಿಗೆ ವ್ಯರ್ಥ. ಹೆಂಡತಿ, ಮಕ್ಕಳು, ಸೊಸೆ ಇವರೇ ಅವನಿಗೆ ಆಪ್ತರು. ಆಪ್ತನೆಂದರೆ ಯಥಾರ್ಥವನ್ನು ಹೇಳುವವನೆಂದು ತಾರ್ಕಿಕರ ಮಾತು. ಮನ ನೋಯುವುದೆಂದು ಅವನ ಬೆವರಿನ ವಿಷಯದಲ್ಲಿ ಸುಮ್ಮನಿರುವ ದಾಕ್ಷಿಣ್ಯವು ಅವನನ್ನು ನಾಲ್ವರ ನಡುವೆ ನಗೆಗೀಡುಮಾಡಬಹುದು. ಅವನೂ ಅಷ್ಟೆ: ಹೆಂಡತಿ ಆಸೆಯಿಂದ ಮಲ್ಲಿಗೆಯನ್ನು ಮೂಗಿನ ಬಳಿ ಹಿಡಿದಾಗ, ಅವಳ ಸಂತೋಷಕ್ಕಾಗಿ “ಬರುತ್ತಿದೆ” ಎಂದುಬಿಡುವುದು ಬಹಳ ಸುಲಭ. ಒಮ್ಮೆ ಹಾಗೆಂದ ಮೇಲೆ ಮನೆಯವರು ಕಾವಲು ಬಿಡುವರು. ಹಾಲನ್ನು ಮೂಸಿನೋಡದೆಯೇ ಲೋಟಕ್ಕೆ ಹೊಯ್ಯುವರು.

ಘ್ರಾಣಕ್ಕೆ ಅಭ್ಯಾಸವೆಂಬ ಚಿಕಿತ್ಸೆಯೊಂದುಂಟು. ೨೦೦೯ರಲ್ಲಿ ಡ್ರೆಸ್ಡನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆರಡು ಬಾರಿ, ೧೨ ವಾರಗಳ ಕಾಲ ಮನಸ್ಸಿಟ್ಟು ಮೂಸುವ ಕ್ರಮವನ್ನು ಪ್ರಕಟಿಸಿದರು. ಘ್ರಾಣದ ಕಣಗಳು ಇತರ ಅನೇಕ ನರಕಣಗಳಂತಲ್ಲದೆ ಜೀವಮಾನವೆಲ್ಲ ಹೊಸದಾಗಿ ಹುಟ್ಟುತ್ತಿರುವುದರಿಂದ ಇದರಲ್ಲಿ ಆಸೆಗೆ ಆಧಾರವಿದೆ, ಎಲ್ಲರಿಗೂ ಫಲಿಸುವುದೆಂದಿಲ್ಲ. ಮೂಗಿನ ಗಾಯ ಮಾಗಿದ ಮೇಲೆ, ವೈದ್ಯರನ್ನು ಕೇಳಿಕೊಂಡು, ರಾವಂದೂರಿನ ಮನೆಯಲ್ಲಿಯೂ ಲವಂಗವನ್ನೂ ನಿಂಬೆಯ ಸಿಪ್ಪೆಯನ್ನೂ ಇಟ್ಟುಕೊಂಡು ಕೂರಬಹುದು. ಎದುರಿಗೆ ಕುಳಿತ ಮೊಮ್ಮಗಳು “ಬಂತೇ ತಾತ?” ಎಂದು ಕೇಳಿದಾಗ ಬಾರದ ದಿನ ಇಲ್ಲವೆಂದೇ ಹೇಳಿ, ಡಬ್ಬಿಯನ್ನು ಮುಚ್ಚಿ, ಸಂಜೆಗೆ ಮತ್ತೆ ತೆರೆಯುವುದು.